95 ನಿಮಿಷ ಮತ್ತು ಒಂದು ಪ್ಲೈವುಡ್ ಪೆಟ್ಟಿಗೆ

ಜುಲೈ, ಮೂರನೇ ಭಾನುವಾರ

ನಿನ್ನೆ ತುಮಕೂರಿನ ಆಚೆ ಒಂದು ಊರಲ್ಲಿ ಕಾರ್ಯಕ್ರಮ ಇತ್ತು. ಸುಮ್ನೆ ಕುತೂಹಲಕ್ಕೆ ಮೊಬೈಲಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಗಾಡಿಯ ಹಿಂಬಾಗಿಲು ತೆಗೆದ ಗಳಿಗೆಯಿಂದ ನಮ್ಮ ಗಾಯಕಿ ಅಕ್ಕ ಮೈಕ್ ಮುಂದೆ ನಿಂತು 'ಹಲೋ, ಚೆಕ್' ಅನ್ನುವ ತನಕ 95 ನಿಮಿಷ. ನಾವು ನುಡಿಸಿದ್ದು 70 ನಿಮಿಷ. ಹಾಡಿದ್ದಕ್ಕಿಂತ ವೈರ್ ಬಿಡಿಸಿದ್ದೇ ಜಾಸ್ತಿ ಅಂದರೆ ನಾವು ಯಾವ ಸೀಮೆ ಬ್ಯಾಂಡು?

ನಮ್ಮದು ಐದು ಜನರ ತಂಡ. ಗಾಯಕಿ ಅಕ್ಕ, ಕೀಬೋರ್ಡ್‌ನವನು, ಗಿಟಾರ್ ನುಡಿಸುತ್ತಾ ಹಾಡುವವನು, ಡೋಲಕ್ ಮತ್ತು ರಿದಂ ಪ್ಯಾಡ್‌ಗೆ ಒಬ್ಬ, ಬೇಸ್ ಗಿಟಾರ್‌ಗೆ ನಾನು. ಸೋಮವಾರದಿಂದ ಶುಕ್ರವಾರದವರೆಗೆ ಎಲ್ಲರಿಗೂ ಬೆಂಗಳೂರಲ್ಲಿ ಬೇರೆ ಬೇರೆ ಕೆಲಸ. ಶನಿವಾರ ಒಂದು ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆಗೆ ಹಿಡಿದು ಹೊರಡುತ್ತೇವೆ. ಸೌಂಡ್ ನೋಡಿಕೊಳ್ಳಲು ಬೇರೆ ಒಬ್ಬರನ್ನು ಕರೆದೊಯ್ಯುವಷ್ಟು ದುಡ್ಡು ಬರಲ್ಲ. ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂದಿದೆ. ಬೇಸ್ ನುಡಿಸುವವನಿಗೆ ಹೇಗೂ ಕೆಲಸ ಕಡಿಮೆ ಅಂತ ಉಳಿದ ನಾಲ್ವರ ನಂಬಿಕೆ.

ಯಾಕೆ ಈ ನಿಮಿಷಗಳ ಲೆಕ್ಕ ಅಂದರೆ, ಕಮಿಟಿಯವರು 6:30ಕ್ಕೆ ಶುರು ಅಂತ ಕಾರ್ಡ್ ಹಾಕಿಸಿರುತ್ತಾರೆ. ಅತಿಥಿಗಳು ಬರುವುದು 7:45ಕ್ಕೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಭಾಷಣ, ಆಮೇಲೆ ಶಾಲು, ಹಾರ, ಪೇಟ. ಎಷ್ಟೋ ಕಡೆ ಅತಿಥಿಗಳ ಕುರ್ಚಿ ಎತ್ತಿದ ಮೇಲೇ ವೇದಿಕೆ ನಮ್ಮ ಕೈಗೆ ಸಿಗೋದು. ಆ ಕಡೆ ರಾತ್ರಿ 10ಕ್ಕೆ ಮೈಕ್ ಬಂದ್. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಕ್ಕೆ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ 12 ಗಂಟೆವರೆಗೆ ಬಿಡಬಹುದು. ಅಂಥ ದಿನಗಳಲ್ಲಿ ದೊಡ್ಡ ಆರ್ಕೆಸ್ಟ್ರಾದವರಿಗೆ ಡೇಟ್ ಹೋಗುತ್ತೆ, ನಮಗಲ್ಲ. ಒಂದು ಕಡೆಯಿಂದ ಭಾಷಣ ತಿನ್ನುತ್ತೆ, ಇನ್ನೊಂದು ಕಡೆಯಿಂದ ಗಡಿಯಾರ ತಿನ್ನುತ್ತೆ. ನಮ್ಮ ಕೈಯಲ್ಲಿರೋದು ಜೋಡಿಸುವ ಹೊತ್ತು ಒಂದೇ.

ವಾಪಸ್ ಬರುವಾಗ ನೆಲಮಂಗಲದ ತನಕ ಇದೇ ಚರ್ಚೆ. ಗಂಟು ಬಿದ್ದ ಕೇಬಲ್ ಬಿಡಿಸಲು 20 ನಿಮಿಷ. 'ಈ ಅಡಾಪ್ಟರ್ ಯಾರದ್ದು' ಅಂತ ಕೂಗಾಡಲು 15. ಸ್ಪೀಕರಿಂದ ಬರುವ ಗುಂಯ್ ಶಬ್ದ ಎಲ್ಲಿಂದ ಅಂತ ಹುಡುಕಲು ಅರ್ಧ ಗಂಟೆ. ಉಳಿದದ್ದು ನಿಜವಾದ ಕೆಲಸ.

ಐಡಿಯಾ ಸರಳ. ಎಲ್ಲರ ಶಬ್ದವನ್ನೂ ಒಂದುಗೂಡಿಸುವ ಮಿಕ್ಸರ್, ವೈರ್‌ಲೆಸ್ ಮೈಕಿನ ಎರಡು ರಿಸೀವರ್, ಎಲ್ಲರ ಅಡಾಪ್ಟರ್, ಪ್ಲಗ್ ಪಾಯಿಂಟ್‌ಗಳು, ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಮನೆಯಲ್ಲೇ ಜೋಡಿಸಿ ಇಡೋದು. ಊರಿಗೆ ಹೋದ ಮೇಲೆ ಮುಚ್ಚಳ ತೆಗೆದು, ಒಳಗೆ ಒಂದು ಕರೆಂಟ್ ವೈರ್, ಹೊರಗೆ ಅಲ್ಲಿನ ಸೌಂಡ್‌ನವರಿಗೆ ಎರಡು ಕೇಬಲ್. ಗುರಿ: 25 ನಿಮಿಷ.

ಆಗಸ್ಟ್, ಮೊದಲ ವಾರ

ಎಸ್‌ಪಿ ರೋಡ್‌ಗೆ ಹೋಗಿ ಕನೆಕ್ಟರ್, ಬಣ್ಣದ ಟೇಪ್, 16 ಆಂಪಿಯರ್‌ನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಒಂದು ಪುಟ್ಟ ಡಿಜಿಟಲ್ ವೋಲ್ಟ್ ಮೀಟರ್ ತಂದೆ. ಮೀಟರ್ ಪಟ್ಟಿಯಲ್ಲಿ ಇರಲಿಲ್ಲ. ಅಂಗಡಿಯ ಹುಡುಗ 'ಇದನ್ನ ಹಾಕ್ಕೊಳ್ಳಿ ಸಾರ್, ಶೋಗೂ ಚೆನ್ನಾಗಿರುತ್ತೆ' ಅಂದ. ಶೋಗೇ ತಗೊಂಡೆ, ಸುಳ್ಳು ಯಾಕೆ ಹೇಳಲಿ.

ಮರಗೆಲಸದಲ್ಲಿ ಮಾತ್ರ ಮುಖಭಂಗ ಆಯಿತು. ಹೀಗೆ ಪೆಟ್ಟಿಗೆಯಲ್ಲಿ ಕೂರಿಸುವ ಸೌಂಡ್ ಸಾಮಾನುಗಳ ಮುಂಭಾಗದ ಅಗಲ ಎಲ್ಲಾ ಕಂಪನಿಯದ್ದೂ 19 ಇಂಚು. ಎತ್ತರ 1.75 ಇಂಚಿನ ಲೆಕ್ಕದಲ್ಲಿ, ಅದನ್ನು ಒಂದು 'ಯು' ಅಂತಾರೆ. ನಂದು ಆರು ಯು, ಅಂದರೆ ಹತ್ತೂವರೆ ಇಂಚು. ಇಷ್ಟೆಲ್ಲಾ ಓದಿಕೊಂಡವನು 12 ಮಿ.ಮೀ. ಪ್ಲೈವುಡ್ ಕೊಯ್ಯುವಾಗ ಹೊರಗಿನ ಅಳತೆಯನ್ನು 19 ಇಂಚು ಇಟ್ಟೆ. ಎರಡು ಬದಿಯ ಪ್ಲೈ ದಪ್ಪ ಕಳೆದು ಒಳಗೆ ಉಳಿದದ್ದು 18. ಮಿಕ್ಸರ್ ಬಾಗಿಲಲ್ಲೇ ನಿಂತಿತು. ಎದುರುಮನೆ ಅಂಕಲ್ ಕಾಂಪೌಂಡ್ ಮೇಲಿಂದ ನೋಡಿ, 'ಗೋಡೆ ದಪ್ಪ ಮರೆತು ಮನೆ ಕಟ್ಟಿದಂಗಾಯ್ತಲ್ಲಪ್ಪಾ' ಅಂದರು. ಆ ಹಲಗೆಗಳು ಈಗ ಅಮ್ಮನ ಉಪ್ಪಿನಕಾಯಿ ಜಾಡಿಗಳ ಸ್ಟ್ಯಾಂಡ್ ಆಗಿವೆ. ಎರಡನೇ ಸಲ ಅಂಕಲ್ಲೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಕೊಯ್ಯಿಸಿದರು.

ಆಗಸ್ಟ್ 15

ರಜಾ. ಇಡೀ ದಿನ ಬೆಸುಗೆ. ಮೈಕ್ ಕೇಬಲ್‌ನ ಕನೆಕ್ಟರ್‌ನಲ್ಲಿ ಮೂರು ಪಿನ್. ಒಂದನೆಯದು ಕೇಬಲ್ಲಿನ ಹೊರ ಜಾಲರಿ, ಎರಡು ಮತ್ತು ಮೂರರಲ್ಲಿ ಒಂದೇ ಶಬ್ದ ಉಲ್ಟಾಪಲ್ಟಾ ಹೋಗುತ್ತೆ. ದಾರಿಯಲ್ಲಿ ಎರಡಕ್ಕೂ ಒಂದೇ ಥರ ಅಂಟಿಕೊಂಡ ಕಸ, ಮಿಕ್ಸರ್‌ನಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಹೋಗಿಬಿಡುತ್ತೆ. ಉದ್ದ ಕೇಬಲ್ ಎಳೆದರೂ ಶಬ್ದ ಶುದ್ಧವಾಗಿ ಬರೋದು ಇದರಿಂದಲೇ.

ಕೇಬಲ್ ತುದಿಗಳಿಗೆ ಬಣ್ಣದ ಟೇಪ್ ಸುತ್ತಿದೆ. ಗಾಯಕಿ ಅಕ್ಕನಿಗೆ ಕೆಂಪು, ಗಿಟಾರ್‌ಗೆ ಹಳದಿ, ಕೀಬೋರ್ಡ್‌ಗೆ ಎರಡು ನೀಲಿ, ಪ್ಯಾಡ್‌ಗೆ ಹಸಿರು. ಪೆಟ್ಟಿಗೆಯ ಮೇಲೂ ಅದೇ ಬಣ್ಣ. ಇನ್ನು ಯಾರೂ ನನ್ನನ್ನು ಕೂಗಬೇಕಾಗಿಲ್ಲ.

ಕೇಬಲ್ ಸುತ್ತುವ ಪಾಠವೂ ಆಯಿತು. ಒಂದು ಸುತ್ತು ಮೇಲಿಂದ, ಮುಂದಿನದ್ದು ಕೈ ತಿರುಗಿಸಿ ಒಳಗಿಂದ. ಹಾಗೆ ಸುತ್ತಿದ ಕೇಬಲ್ಲನ್ನು ಎಸೆದರೆ ಹಾವಿನ ಥರ ನೇರ ಬಿಚ್ಚಿಕೊಳ್ಳುತ್ತೆ. ನಮ್ಮ ಡೋಲಕ್‌ನವನು ಮಾತ್ರ ಹೆಬ್ಬೆರಳಿಂದ ಮೊಣಕೈಗೆ, ಬಟ್ಟೆ ಒಣಹಾಕುವ ಹಗ್ಗ ಸುತ್ತಿದಂತೆ ಬಿಗಿಯಾಗಿ ಸುತ್ತುತ್ತಾನೆ. ಒಳಗಿನ ತಂತಿ ತಿರುಚಿಕೊಂಡು ಎರಡು ತಿಂಗಳಿಗೆ ಕಟ್. ಹತ್ತು ಸಲ ತೋರಿಸಿದೆ. 'ಆಯ್ತು ಗುರು' ಅಂದ. ಮೊಣಕೈಗೇ ಸುತ್ತಿದ.

ಗಣೇಶನ ಹಬ್ಬದ ವಾರ

ಮೊದಲ ಪರೀಕ್ಷೆ, ಹಾಸನದ ಕಡೆ. ಅರ್ಧ ಪಾಸು.

ಸಭಾಂಗಣ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಪೆಟ್ಟಿಗೆ ಮನೆಯ ತೂಕದ ಯಂತ್ರದಲ್ಲಿ 41 ಕೆಜಿ ತೋರಿಸಿತ್ತು, ಆಗ 'ಪರವಾಗಿಲ್ಲ' ಅನ್ನಿಸಿತ್ತು. ಮೆಟ್ಟಿಲ ತಿರುವಿನಲ್ಲಿ ಗಿಟಾರ್‌ನವನು ಮೇಲೆ, ನಾನು ಕೆಳಗೆ, ನಡುವೆ ಇದು. ಅಲ್ಲಿ ಅವನು ನನಗೆ ಹೇಳಿದ್ದನ್ನು ಇಲ್ಲಿ ಬರೆಯಲ್ಲ. ಡ್ರೈವರ್ ಅಣ್ಣನನ್ನು ಕರೆಯುವ ಹಾಗಿಲ್ಲ. ನಮ್ಮ ತಂಡದಲ್ಲಿ ಮುರಿಯದ ನಿಯಮ ಅಂದರೆ ಇದೊಂದೇ: ನಾವು ವೇದಿಕೆ ಹತ್ತಿರ ಹೋದ ಮೇಲೆ ಅವರು ಗಾಡಿಯಲ್ಲಿ ಮಲಗಬೇಕು. ರಾತ್ರಿ ನಾಲ್ಕು ತಾಸು ಗಾಡಿ ಓಡಿಸುವವರು ಅವರು. 'ಅಡಾಪ್ಟರ್ ಮರೆತೆ' ಅಂತ ಬಾಗಿಲು ಬಡಿದರೆ 100 ರೂಪಾಯಿ ದಂಡ. ದಂಡದ ದುಡ್ಡಲ್ಲಿ ಅವರಿಗೇ ಟೀ.

ಮೇಲೆ ಹೋಗಿ ಜೋಡಿಸಿದೆವು. 18 ನಿಮಿಷಕ್ಕೆ ಎಲ್ಲಾ ರೆಡಿ. ಸ್ವಿಚ್ ಹಾಕಿದೆ. ಗುಂಯ್!

ಈ ಗುಂಯ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಕರೆಂಟು 50 ಹರ್ಟ್ಜ್. ಅದು ಮತ್ತು ಅದರ ದುಪ್ಪಟ್ಟು 100, ಸ್ಪೀಕರಲ್ಲಿ ಕೇಳೋದು ಅವೇ. ಕೀಬೋರ್ಡಿನಲ್ಲಿ ಹುಡುಕಿದರೆ ಜಿ ಮನೆಗಿಂತ ಚೂರೇ ಚೂರು ಮೇಲೆ ಕೂರುತ್ತೆ. ತೀರಾ ಕೆಳಗಿನ ಜಿ 49, ಅದರ ಮೇಲಿನದು 98. ನಮ್ಮ ಗಾಯಕಿ ಅಕ್ಕನ ಶ್ರುತಿ ಬಿಳಿ ಐದು. ಅದೂ ಜಿ! ಬೆನ್ನ ಹಿಂದೆ ಯಾರೋ ಶ್ರುತಿ ತಪ್ಪಿದ ತಂಬೂರಿ ಮೀಟುತ್ತಾ ಕೂತ ಹಾಗೆ. ಪಾಪ, ಹಾಡುವವರಿಗೆ ಇದಕ್ಕಿಂತ ಹಿಂಸೆ ಇಲ್ಲ.

ಅಲ್ಲಿದ್ದ ಎಲೆಕ್ಟ್ರಿಷಿಯನ್ ಬಂದು, 'ಅರ್ತ್ ಪಿನ್ ತೆಗೆದುಬಿಡಿ ಸಾರ್, ಹೋಗ್ಬಿಡುತ್ತೆ' ಅಂದರು. ಹೋಗುತ್ತೆ, ನಿಜ. ಜೊತೆಗೆ ನಾವೂ ಹೋಗಬಹುದು. ಎರಡು ವರ್ಷದ ಹಿಂದೆ ಹೀಗೇ ಪಿನ್ ಕಿತ್ತ ಬೋರ್ಡಿನಲ್ಲಿ ನುಡಿಸಿದ್ದೆವು. ಗಿಟಾರ್‌ನವನ ಕೈಯಲ್ಲಿ ತಂತಿ, ತುಟಿ ಮೈಕಿನ ಜಾಲರಿಗೆ ತಾಗಿದ್ದೇ ತಡ, ಚುರ್ ಅಂತು. ಪದ ಅರ್ಧಕ್ಕೆ ನಿಂತಿತು. ಜನ ಅದನ್ನು ಹೊಸ ಸಂಗತಿ ಅಂದುಕೊಂಡು ಚಪ್ಪಾಳೆ ತಟ್ಟಿದರು. ಅವತ್ತಿಂದ ಅವನು ಮೈಕಿಗೆ ಸ್ಪಂಜಿನ ಟೋಪಿ ಹಾಕದೆ ಹಾಡಲ್ಲ.

ಆ ದಿನ ಗುಂಯ್ ಹೋಗಿದ್ದು ಇನ್ನೊಂದು 34 ನಿಮಿಷ ಒದ್ದಾಡಿದ ಮೇಲೆ. ಒಟ್ಟು 52.

ಸೆಪ್ಟೆಂಬರ್

ಮನೆಯಲ್ಲಿ ಕೂತು ಯೋಚಿಸಿದೆ. ನಮ್ಮ ಪೆಟ್ಟಿಗೆ ವೇದಿಕೆ ಪಕ್ಕದ ಪ್ಲಗ್ಗಿನಿಂದ ಕರೆಂಟ್ ತಗೊಂಡಿತ್ತು. ಅಲ್ಲಿನ ಸೌಂಡ್‌ನವರ ಮಿಕ್ಸರ್ ಹಾಲಿನ ಇನ್ನೊಂದು ತುದಿಯ ಪ್ಲಗ್ಗಿನಿಂದ. ಎರಡೂ ಕಡೆ ಅರ್ತ್ ಇದೆ. ನಡುವೆ ನಮ್ಮ ಕೇಬಲ್ಲಿನ ಜಾಲರಿ ಎರಡು ಅರ್ತನ್ನೂ ಸೇರಿಸಿ ದೊಡ್ಡ ಉಂಗುರ ಮಾಡಿತ್ತು. ಆ ಉಂಗುರದಲ್ಲಿ ಓಡಾಡುವ ಕರೆಂಟೇ ಗುಂಯ್. ಇದನ್ನೇ ಗ್ರೌಂಡ್ ಲೂಪ್ ಅಂತಾರೆ.

ಮದ್ದು ಎರಡು. ಮೊದಲನೆಯದು ಪುಕ್ಕಟೆ: ಇಬ್ಬರೂ ಒಂದೇ ಜಾಗದಿಂದ ಕರೆಂಟ್ ತಗೊಳ್ಳೋದು. ಉದ್ದದ ಎಕ್ಸ್‌ಟೆನ್ಷನ್ ಒಂದಿದ್ದರೆ ಸಾಕು. ಅದಾಗದಿದ್ದರೆ ಡಿಐ ಬಾಕ್ಸ್. ಅದರೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ, ಶಬ್ದ ಆ ಕಡೆಯಿಂದ ಈ ಕಡೆಗೆ ತಂತಿ ಮುಟ್ಟದೆ ದಾಟುತ್ತೆ. ಗ್ರೌಂಡ್ ಲಿಫ್ಟ್ ಅನ್ನುವ ಸ್ವಿಚ್ ಒತ್ತಿದರೆ ಜಾಲರಿಯ ಸಂಬಂಧವೂ ಕಟ್. ಕರೆಂಟಿನ ಅರ್ತ್ ಹಾಗೇ ಇರುತ್ತೆ, ಮುರಿಯೋದು ಕೇಬಲ್ಲಿನ ಉಂಗುರ ಮಾತ್ರ. ಎರಡು ಚಾನೆಲ್ಲಿನದು ತಂದು ಪೆಟ್ಟಿಗೆಯೊಳಗೇ ಸ್ಕ್ರೂ ಹಾಕಿದೆ.

ಪೆಟ್ಟಿಗೆಯನ್ನೂ ಎರಡು ಮಾಡಿದೆ. ಮಿಕ್ಸರ್ ಒಂದರಲ್ಲಿ, ಕೇಬಲ್ ಮತ್ತು ಸ್ಟ್ಯಾಂಡಿನ ಬಿಡಿಭಾಗ ಇನ್ನೊಂದರಲ್ಲಿ. 24 ಮತ್ತು 19 ಕೆಜಿ. ಮಿಕ್ಸರ್ ಪೆಟ್ಟಿಗೆಗೆ ಕೆಳಗೆ ನಾಲ್ಕು ಚಕ್ರ. ಬ್ರೇಕ್ ಇರುವ ಚಕ್ರಕ್ಕೆ ಜಾಸ್ತಿ ಕೇಳಿದರು ಅಂತ ಸಾದಾ ಚಕ್ರ ತಂದೆ.

ಅಕ್ಟೋಬರ್

ಮಂಗಳೂರಿನ ಕಡೆ ಒಂದು ಕಾರ್ಯಕ್ರಮ. ಶಿರಾಡಿ ಘಾಟಿ ಇಳಿದ ಮೇಲೆ ಗಾಳಿಯೇ ಬೇರೆ. ಬೆಂಗಳೂರಲ್ಲಿ ಟಣ್ ಅನ್ನುತ್ತಿದ್ದ ಡೋಲಕ್ ಅಲ್ಲಿ ಒದ್ದೆ ರಟ್ಟಿನ ಥರ ಡಬ್ ಡಬ್. ತೇವಕ್ಕೆ ಚರ್ಮ ಸಡಿಲ ಆಗುತ್ತೆ, ಬೋಲ್ಟ್ ಬಿಗಿ ಮಾಡುತ್ತಲೇ ಇರಬೇಕು. ಪೆಟ್ಟಿಗೆ ಚೆನ್ನಾಗಿ ನಡೆಯಿತು, 29 ನಿಮಿಷ. ಗುಂಯ್ ಇಲ್ಲ. ಆದರೆ ವೇದಿಕೆಗೆ ಹಾಕಿದ್ದ ಇಳಿಜಾರಿನ ಹಲಗೆ ಮೇಲೆ ಪೆಟ್ಟಿಗೆ ತಾನೇ ಹೊರಟಿತು. ಕೀಬೋರ್ಡ್‌ನವನು ಓಡಿ ಹಿಡಿದ, ಮುಂದಿನ ಸಾಲಿನ ಅಜ್ಜ ಕಾಲು ಎತ್ತಿಕೊಂಡರು. ಮರುವಾರವೇ ಬ್ರೇಕ್ ಇರುವ ಚಕ್ರ ಬಂತು.

ನವೆಂಬರ್

ರಾಜ್ಯೋತ್ಸವದ ತಿಂಗಳು. ಹೆಸರಿಗೆ ನವೆಂಬರ್ 1, ಆಚರಣೆ ಮಾತ್ರ ತಿಂಗಳು ಪೂರ್ತಿ, ಕೆಲವು ಬಡಾವಣೆಗಳಲ್ಲಿ ಡಿಸೆಂಬರ್ ತನಕ. ನಮ್ಮಂಥ ತಂಡಗಳಿಗೆ ಸುಗ್ಗಿ. ಈ ಸಲ ಐದು ಡೇಟ್ ಸಿಕ್ಕಿದವು.

ಎರಡನೆಯದು ಚಿತ್ರದುರ್ಗದ ಕಡೆ, ಶಾಲೆ ಮೈದಾನದಲ್ಲಿ ಶಾಮಿಯಾನ. ಪೆಟ್ಟಿಗೆಗೆ ವೈರ್ ಕೊಟ್ಟೆ, ಎಂಸಿಬಿ ಇನ್ನೂ ಎತ್ತಿರಲಿಲ್ಲ. ಶೋಗೆ ಹಾಕಿದ ಮೀಟರ್ ಎಂಸಿಬಿಗಿಂತ ಮುಂಚೆ ಇದೆ, ಅದು ಹತ್ತಿಕೊಂಡಿತು. 226. ಸರಿ. ಆಚೆ ಯಾರೋ ದೊಡ್ಡ ದೀಪಗಳನ್ನು ಹಾಕಿದರು. 241. ಇನ್ನೊಂದು ಸಾಲು ದೀಪ. 263. ನನ್ನ ಬೆರಳು ಎಂಸಿಬಿ ಮೇಲೇ ನಿಂತಿತು. ಲೋಡ್ ಬಿದ್ದರೆ ವೋಲ್ಟೇಜ್ ಇಳಿಯಬೇಕು ತಾನೇ? ಏರುತ್ತಿದೆ! 271.

ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆದೆ. ಅವರು ಮೀಟರ್ ನೋಡಿದವರೇ ಮಾತಾಡದೆ ಶಾಮಿಯಾನದ ಹಿಂದಿನ ಬೋರ್ಡಿಗೆ ಹೋದರು. ನ್ಯೂಟ್ರಲ್ ವೈರು ಸಡಿಲ. ಮೂರು ಫೇಸಿನ ಲೈನಲ್ಲಿ ನ್ಯೂಟ್ರಲ್ ಕೈಕೊಟ್ಟರೆ ಒಂದು ಫೇಸಿನಲ್ಲಿ ಇಳಿದದ್ದು ಇನ್ನೊಂದರಲ್ಲಿ ಏರುತ್ತೆ. 230 ಇರಬೇಕಾದ ಕಡೆ 400ರ ಹತ್ತಿರಕ್ಕೂ ಹೋಗಬಹುದು. ನಮ್ಮ ಐವರ ಸಾಮಾನೂ ಒಟ್ಟಿಗೆ ಹೊಗೆ. ಅವರು ಸ್ಕ್ರೂ ಬಿಗಿ ಮಾಡಿ ಬಂದರು. 229. ದೀಪ ಹಾಕಿದರೂ 224. 'ಒಳ್ಳೇದು ಇಟ್ಟಿದ್ದೀರ ಸಾರ್' ಅಂತ ಮೀಟರಿನ ಗಾಜನ್ನು ಬೆರಳಲ್ಲಿ ಒರೆಸಿದರು. ಎಸ್‌ಪಿ ರೋಡಿನ ಆ ಹುಡುಗನಿಗೆ ಒಂದು ಬೆಣ್ಣೆ ದೋಸೆ ಸಾಲ ಇದ್ದೇನೆ. ಈಗ 255 ದಾಟಿದರೆ ತಾನೇ ಕಟ್ ಆಗುವ ರಿಲೇಯನ್ನೂ ಸೇರಿಸಿದ್ದೇನೆ.

ಕೊನೆಯ ಡೇಟ್ ನಿನ್ನೆ, ಬೆಂಗಳೂರಲ್ಲೇ, ಒಂದು ಬಡಾವಣೆಯ ಆಟದ ಮೈದಾನ. ಭಾಷಣ ನಡೆಯುತ್ತಿರುವಾಗಲೇ ವೇದಿಕೆಯ ಬದಿಯಲ್ಲಿ ಸದ್ದಿಲ್ಲದೆ ಜೋಡಿಸಿದೆವು. ಗಾಡಿ ಬಾಗಿಲಿಂದ ಕೊನೆಯ ಹಸಿರು ಕೇಬಲ್‌ವರೆಗೆ 21 ನಿಮಿಷ. ಕೇಬಲ್ ಗಂಟಿಲ್ಲ, ಗುಂಯ್ ಇಲ್ಲ, ಮೀಟರಲ್ಲಿ 231. ಗಂಟೆ ಇನ್ನೂ 8:20. ಒಂದೂವರೆ ಗಂಟೆ ಪೂರ್ತಿ ಹಾಡಬಹುದು ಅಂತ ಗಾಯಕಿ ಅಕ್ಕ ಖುಷಿಯಲ್ಲಿ ಪಟ್ಟಿಗೆ ಇನ್ನೂ ಎರಡು ಹಾಡು ಸೇರಿಸಿದರು.

ಕಮಿಟಿಯ ಹಿರಿಯರು ಹತ್ತಿರ ಬಂದರು.

'ಆಗಲೇ ರೆಡಿನಾ? ಹೋದ ವರ್ಷದವರು ಒಂದು ಗಂಟೆ ಮಾಡಿದ್ರು.'

'ಹೂಂ ಸಾರ್, ಎಲ್ಲಾ ರೆಡಿ. ನೀವು ಹೇಳಿದ ತಕ್ಷಣ ಶುರು.'

ಅವರು ಖುಷಿಯಾಗಿ ಹಿಂದಕ್ಕೆ ತಿರುಗಿ ಕೈ ಬೀಸಿದರು. 'ಏಯ್, ಟೈಮ್ ಇದೆಯಂತೆ ಕಣ್ರೋ. ಉಳಿದ ಆರು ಜನರನ್ನೂ ಕರೀರಿ, ಸನ್ಮಾನ ಇವತ್ತೇ ಮುಗಿಸಿಬಿಡೋಣ.'

ಚಕ್ರದ ಬ್ರೇಕ್ ಹಾಕಿ, ನಾನೂ ಡೋಲಕ್‌ನವನೂ ಪೆಟ್ಟಿಗೆ ಮೇಲೆ ಕೂತೆವು. ಇಬ್ಬರು ಕೂತರೂ ಅಲುಗಲಿಲ್ಲ.