ಗುಡ್ಡದ ವಯಸ್ಸನ್ನು ಯಾರು ನೋಡಿದರು?

ಭೂವಿಜ್ಞಾನದ ಮೇಷ್ಟ್ರು ಎಂದು ಗೊತ್ತಾದರೆ ಸಾಕು, ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರೂ ನನ್ನನ್ನು ಕೇಳುವುದು ಒಂದೇ: "ಈ ಗುಡ್ಡಕ್ಕ ಇನ್ನೂರೈವತ್ತು ಕೋಟಿ ವರ್ಷ ಅಂತೀರಲ್ರೀ ಸರ್, ಯಾರು ನೋಡ್ಯಾರ?"

ಯಾರೂ ನೋಡಿಲ್ಲ. ಆದರೆ ವರ್ಷದ ಲೆಕ್ಕಕ್ಕಿಂತ ಮೊದಲು ಹಿರಿಯದು ಯಾವುದು, ಕಿರಿಯದು ಯಾವುದು ಎಂಬ ಲೆಕ್ಕವಿದೆ. ಅದಕ್ಕೆ ಕಣ್ಣೇ ಸಾಕು. ಬಳ್ಳಾರಿಯ ಹೊರಗಿನ ಸಂಗನಕಲ್ಲು ಗುಡ್ಡದಲ್ಲಿ ಗ್ರಾನೈಟ್ ಬಂಡೆಗಳನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿಯೊಂದು ಸಾಗಿದೆ. ನಾವು ಅದನ್ನು ಡೈಕ್ ಎನ್ನುತ್ತೇವೆ. ಗ್ರಾನೈಟ್ ಆರಿ, ಗಟ್ಟಿಯಾಗಿ, ಬಿರುಕು ಬಿಟ್ಟ ಮೇಲಷ್ಟೇ ಆ ಬಿರುಕಿಗೆ ಕೆಳಗಿನಿಂದ ಶಿಲಾರಸ ನುಗ್ಗಲು ಸಾಧ್ಯವಾದ್ದರಿಂದ, ಕಪ್ಪು ಕಲ್ಲೇ ಕಿರಿಯದು. ನವಶಿಲಾಯುಗದ ಜನ ಅದೇ ಕಪ್ಪು ಕಲ್ಲನ್ನು ಒಡೆದು ಕೊಡಲಿ ಮಾಡಿಕೊಂಡರು. ಅವರು ಬಿಟ್ಟುಹೋದ ಚಕ್ಕೆಗಳು ಎಲ್ಲಕ್ಕಿಂತ ಈಚಿನವು.

ಅಂಕಿ ಕೊಡುವುದು ಜಿರ್ಕಾನ್ ಎಂಬ, ಮರಳಿನ ಕಣಕ್ಕಿಂತಲೂ ಸಣ್ಣದಾಗಿರಬಹುದಾದ ಹರಳು. ಶಿಲಾರಸ ಹೆಪ್ಪುಗಟ್ಟುವಾಗ ಹುಟ್ಟುವ ಈ ಹರಳು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಂಡು ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆದ್ದರಿಂದ ಇಂದು ಅದರಲ್ಲಿ ಸಿಗುವ ಸೀಸ ಹೆಚ್ಚುಕಡಿಮೆ ಯುರೇನಿಯಂ ತಾನಾಗಿಯೇ ನಿಧಾನವಾಗಿ ಕ್ಷಯಿಸಿ, ಅಂದರೆ ಒಡೆದು, ಸೀಸವಾಗಿ ಬದಲಾದದ್ದೇ. ಯುರೇನಿಯಂ-238ರಲ್ಲಿ ಅರ್ಧ ಭಾಗ ಕ್ಷಯಿಸಲು ಸುಮಾರು 447 ಕೋಟಿ ವರ್ಷ ಬೇಕು. ಎರಡರ ಪ್ರಮಾಣ ಅಳೆದರೆ ವಯಸ್ಸು ತಿಳಿಯುತ್ತದೆ. ರಾಮನಗರದಿಂದ ಹಂಪಿಯತ್ತ ಹಬ್ಬಿರುವ ಗ್ರಾನೈಟಿಗೆ 250 ಕೋಟಿ ಎಂಬ ಅಂಕಿ ಸಿಕ್ಕದ್ದು ಹೀಗೆ.

ನನಗೆ ಗುಡ್ಡಕ್ಕಿಂತ ಪ್ರಿಯವಾದದ್ದು ಸಂಡೂರಿನ ಪಟ್ಟೆಕಲ್ಲು. ಲಾರಿಗಳ ಕೆಂಧೂಳಾಗಿ ಎಲ್ಲರಿಗೂ ಪರಿಚಿತವಾದ ಅದಿರಿನ ಮೂಲ ಶಿಲೆ ಇದು. ತೊಳೆದು ಹಿಡಿದರೆ ಕಪ್ಪು ಕಬ್ಬಿಣದ ಗೆರೆ, ಅದರ ಮೇಲೆ ಕೆಂಪು ಸಿಲಿಕಾ ಗೆರೆ, ಮತ್ತೆ ಕಪ್ಪು. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದುದರಿಂದ ನೀರಿನಲ್ಲಿ ಕರಗಿಯೇ ಉಳಿದಿದ್ದ ಕಬ್ಬಿಣ, ಬಿಸಿಲಿನಿಂದ ಆಹಾರ ತಯಾರಿಸುತ್ತಿದ್ದ ಸೂಕ್ಷ್ಮಜೀವಿಗಳು ಹೊರಬಿಟ್ಟ ಆಮ್ಲಜನಕ ತಾಗಿ, ತುಕ್ಕಿನಂತೆ ತಳಕ್ಕಿಳಿಯಿತು ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಈ ಕಲ್ಲಿನ ಕಾಲವನ್ನು ತಿಳಿಯುವುದು ಅದರ ಜೊತೆಗಿರುವ ಜ್ವಾಲಾಮುಖಿ ಶಿಲೆಗಳ ಜಿರ್ಕಾನಿನಿಂದ. (ಕಲ್ಲನ್ನು ಕೈಗಿತ್ತರೆ ನಮ್ಮೂರವರ ಮುಂದಿನ ಪ್ರಶ್ನೆ, "ಟನ್ನಿಗೆ ಎಷ್ಟ್ರೀ ಸರ್?")

ಭೂಮಿಯ ಹುಟ್ಟನ್ನು ಮಾತ್ರ ನಮ್ಮ ಕಲ್ಲುಗಳು ಹೇಳಲಾರವು. ಆ ಕಾಲದ ಬಂಡೆಗಳು ಭೂಮಿಯೊಳಗೇ ಕರಗಿ ಹೋಗಿರುವುದರಿಂದ, 1956ರಲ್ಲಿ ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಸುಮಾರು 455 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದು ಆಕಾಶದಿಂದ ಬಿದ್ದ ಉಲ್ಕಾಶಿಲೆಗಳ ಸೀಸವನ್ನು ಅಳೆದು.