ಮೇಲ್ಭಾಗದವರು, ಕೊನೆಭಾಗದವರು

ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದಲ್ಲಿ, ಸಿರವಾರ–ಮಾನ್ವಿ ಕಡೆ ಬೆಳೆದ ನಮ್ಮಂಥವರಿಗೆ ಮೇಲ್ಭಾಗದ ರೈತರ ಬಗ್ಗೆ ಒಂದು ತೀರ್ಮಾನ ಮೊದಲೇ ಸಿದ್ಧವಾಗಿರುತ್ತದೆ. ನಮ್ಮೂರಿನವನೇ ರಾತ್ರಿ ಹೊತ್ತು ತೂಬು ಎತ್ತಿ ಕೆಳಗಿನ ಹೊಲದ ನೀರು ತಿರುಗಿಸಿಕೊಂಡರೆ, 'ಪಾಪ, ಬೆಳೆ ಒಣಗುತ್ತಿತ್ತು, ಏನು ಮಾಡಿಯಾನು' ಎನ್ನುತ್ತೇವೆ. ಅದನ್ನೇ ಮೇಲ್ಭಾಗದ ಗಂಗಾವತಿ ಕಡೆಯವನು ಮಾಡಿದರೆ ಕಳ್ಳತನ ಎನ್ನುತ್ತೇವೆ. ಅಲ್ಲಿಯವರೂ ನಮ್ಮ ಬಗ್ಗೆ ಇಂಥದ್ದೇ ಮಾತಾಡುತ್ತಿರಬಹುದು.

ತನ್ನವರ ಕಡೆಗಿನ ಈ ಒಲವಿಗೆ ಹಳೆಯ ವೈರವಾಗಲಿ, ಪರಿಚಯವಾಗಲಿ ಬೇಕಿಲ್ಲ ಎಂಬುದನ್ನು ಸಾಮಾಜಿಕ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ತೋರಿಸಿದರು. ಪೋಲೆಂಡಿನ ಯಹೂದಿಯಾಗಿದ್ದ ಅವರು ಫ್ರೆಂಚ್ ಸೈನಿಕನಾಗಿ ಜರ್ಮನರ ಸೆರೆಯಲ್ಲಿದ್ದು ಬದುಕಿ ಬಂದವರು. 1971ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ, ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಯೋಗದಲ್ಲಿ, ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳಲ್ಲಿ ಯಾವುದು ಇಷ್ಟವೆಂದು ಶಾಲಾ ಹುಡುಗರನ್ನು ಕೇಳಿ, ಆ ನೆಪದಲ್ಲಿ ಅವರನ್ನು ಎರಡು ಗುಂಪು ಮಾಡಲಾಯಿತು. ವಾಸ್ತವವಾಗಿ ವಿಂಗಡಣೆ ಚೀಟಿ ಎತ್ತಿದಷ್ಟೇ ಆಕಸ್ಮಿಕವಾಗಿತ್ತು. ಹಣ ಪಡೆಯುವವನು ತಮ್ಮ ಗುಂಪಿನವನೋ ಎದುರಿನವನೋ ಎಂಬುದಷ್ಟೇ ಹುಡುಗರಿಗೆ ಗೊತ್ತು, ಅವನು ಯಾರೆಂಬುದು ತಿಳಿಯದು, ತಾವು ಹಂಚುವ ಹಣದಲ್ಲಿ ತಮಗೆ ಕವಡೆಯೂ ಸಿಗದು. ಆದರೂ ತಮ್ಮವನಿಗೆ 19 ಕೊಟ್ಟು ಎದುರಿನವನಿಗೆ 25 ಬಿಡುವುದಕ್ಕಿಂತ, ತಮ್ಮವನಿಗೆ 7 ಬಂದರೂ ಎದುರಿನವನಿಗೆ 1 ಮಾತ್ರ ಸಿಗುವ ತುದಿಯ ಕಡೆಗೆ ಅವರ ಆಯ್ಕೆ ವಾಲಿತು. ತಮ್ಮವರಿಗೆ ನಷ್ಟವಾದರೂ ಸರಿ, ಅಂತರ ಉಳಿಯಬೇಕು! ಈ ಫಲಿತಾಂಶ ನನಗೆ ಇಂದಿಗೂ ದ್ವೇಷಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ನಮ್ಮ ಗಡಿಗಳೂ ಅಷ್ಟೇನು ಹಳೆಯವಲ್ಲ. 1997ರವರೆಗೆ ಗಂಗಾವತಿ ಇರುವ ಕೊಪ್ಪಳ, ನಮ್ಮ ರಾಯಚೂರು ಜಿಲ್ಲೆಯ ಭಾಗವೇ ಆಗಿತ್ತು. ಈಗ ನಾಲೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆ ಹತ್ತಿರವಾದರೆ 'ಕೊಪ್ಪಳದವರು', 'ರಾಯಚೂರಿನವರು' ಎಂಬ ಮಾತು ನೂರಾರು ವರ್ಷಗಳ ಜಗಳದಂತೆ ಕೇಳಿಸುತ್ತದೆ.

ಹಾಗೆಂದು ಕಾಲುವೆಯ ಜಗಳ ಬರೀ ಮನಸ್ಸಿನ ಆಟವೂ ಅಲ್ಲ. ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆಗೆಂದು ಯೋಜಿಸಿದ ಪ್ರದೇಶದಲ್ಲಿ ಮೇಲ್ಭಾಗದವರು ಭತ್ತ ನಾಟಿದರೆ ಕೆಳಗೆ ನೀರು ನಿಜವಾಗಿಯೂ ಕಡಿಮೆಯಾಗುತ್ತದೆ. 1954ರಲ್ಲಿ ಇನ್ನೊಬ್ಬ ಸಾಮಾಜಿಕ ಮನೋವಿಜ್ಞಾನಿ ಮುಜಫರ್ ಶೆರಿಫ್ ಅಮೆರಿಕದ ಓಕ್ಲಹೋಮಾದ ಶಿಬಿರವೊಂದರಲ್ಲಿ ಬಾಲಕರ ಎರಡು ತಂಡಗಳನ್ನು ಸ್ಪರ್ಧೆಗಿಳಿಸಿ ಕಂಡದ್ದು ಈ ಬಗೆಯ ಜಗಳವನ್ನೇ. ಅವರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಬೈಗುಳ ಹೆಚ್ಚಿತು. ಶಿಬಿರದ ನೀರಿನ ಪೂರೈಕೆ ನಿಂತು, ಎರಡೂ ತಂಡ ಸೇರಿ ದೋಷ ಹುಡುಕಬೇಕಾದಾಗ ಬಿಗುವು ಸಡಿಲವಾಯಿತು. ಆದರೆ ಒಂದೇ ಸಲಕ್ಕೆ ಅಲ್ಲ. ಅಂಥ ಕೆಲಸಗಳು ಮೇಲಿಂದ ಮೇಲೆ ಬರಬೇಕಾಯಿತು.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ, ಗೇಟು ಕೂರುತ್ತದೆಯೇ ಎಂದು ಮೇಲ್ಭಾಗದವರೂ ಕೊನೆಭಾಗದವರೂ ಒಂದೇ ಆತಂಕದಲ್ಲಿ ಕಾದಿದ್ದರು. ತಾತ್ಕಾಲಿಕ ಗೇಟು ಕೂತ ಮೇಲೆ ನಮ್ಮ ಕಡೆ ಕೇಳಿಬಂದ ಪ್ರಶ್ನೆ ಮಾತ್ರ, ಉಳಿದ ನೀರಿನಲ್ಲಿ ಯಾರ ಪಾಲು ಎಷ್ಟು ಎಂಬುದೇ ಆಗಿತ್ತು.