ಅಜ್ಜಿಯ ಬಾಟಿಕ್, ಮೊಮ್ಮಗಳ ಸ್ನೀಕರ್ಸ್: ಜಕಾರ್ತದಲ್ಲಿ ಒಂದು ಸಂಜೆ

ಎಂಟು ದಿನ ಇಂಡೋನೇಷ್ಯಾದಲ್ಲಿದ್ದೆ. ಬೊರೊಬುದುರ್, ಪ್ರಂಬನನ್ ಎಲ್ಲಾ ನೋಡಿದ್ದಾಯ್ತು, ಅದರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆಯಿಂದ ಇನ್ನೂ ಹೋಗದೇ ಇರೋದು ಜಕಾರ್ತದ ಬ್ಲಾಕ್ ಎಂ ಏರಿಯಾದಲ್ಲಿ ಕಳೆದ ಒಂದು ಶನಿವಾರ ಸಂಜೆ.

ಮೆಟ್ರೋದಲ್ಲಿ ಹೋಗ್ತಾ ಇದ್ದೆ. ದುಕುಹ್ ಆತಾಸ್ ಸ್ಟೇಷನ್‌ನಲ್ಲಿ ಇಬ್ಬರು ಹುಡುಗೀರು, ಒಬ್ಬ ಹುಡುಗ ಹತ್ತಿದ್ರು. (2022ರಲ್ಲಿ ಊರಾಚೆಯ ಬಡಾವಣೆಗಳ ಹುಡುಗರು ಬಂದು ಜೀಬ್ರಾ ಕ್ರಾಸಿಂಗ್‌ನೇ ಫ್ಯಾಶನ್ ಶೋ ಮಾಡ್ಕೊಂಡಿದ್ದು ಈ ಸ್ಟೇಷನ್ ಹತ್ರಾನೇ.) ಮೂವರಿಗೂ ಇಪ್ಪತ್ತರ ಆಸುಪಾಸು ವಯಸ್ಸು, ಮೇಲೆ ಮಾಮೂಲಿ ಟೀ ಶರ್ಟು, ಕೆಳಗೆ ಪಂಚೆ ಥರ ಸುತ್ತಿದ ಬಾಟಿಕ್ ಬಟ್ಟೆ, ಕಾಲಿಗೆ ದಪ್ಪ ಸೋಲಿನ ಸ್ನೀಕರ್ಸ್. ಎಲ್ಲೋ ಮದುವೆಗೆ ಹೊರಟಿದ್ದಾರೆ ಅಂದ್ಕೊಂಡೆ.

ಬ್ಲಾಕ್ ಎಂ ಒಂದು ಕಾಲಕ್ಕೆ ಹುಡುಗರ ಅಡ್ಡಾ ಆಗಿತ್ತಂತೆ, ಆಮೇಲೆ ಮಂಕಾಗಿ, 2019ರಲ್ಲಿ ಮೆಟ್ರೋ ಬಂದಮೇಲೆ ಮತ್ತೆ ಕಳೆ ಬಂದಿದೆ. ನೋಟು ಛಾಪಿಸೋ ಸರ್ಕಾರಿ ಕಂಪನಿಯ ಹಳೇ ಕ್ವಾರ್ಟರ್ಸ್‌ನ ಅದೇ ವರ್ಷ ಎಂ ಬ್ಲಾಕ್ ಸ್ಪೇಸ್ ಅಂತ ಮಾಡಿದ್ರು, ಈಗ ಅಲ್ಲಿ ಅಂಗಡಿ, ಕಾಫಿ, ಸಂಗೀತ ಎಲ್ಲಾ ಇದೆ. ಮಾಲ್‌ಗಳಿಗಿಂತ ನನಗೆ ಇದೇ ನೂರು ಪಾಲು ಇಷ್ಟ ಆಯ್ತು. ಮೆಟ್ಟಿಲು, ಫುಟ್‌ಪಾತು, ಎಲ್ಲೆಂದ್ರಲ್ಲಿ ಕೂತು ಗಂಟೆಗಟ್ಟಲೆ ಹರಟೆ. ಅದಕ್ಕೆ ಅವರು ನೊಂಗ್‌ಕ್ರೊಂಗ್ ಅಂತಾರೆ, ನಮ್ಮ ಕಟ್ಟೆ ಹರಟೇನೇ.

ಅಲ್ಲೊಂದು ಕಾಫಿ ಅಂಗಡಿ ಮುಂದೆ ಅರ್ಧ ಗಂಟೆ ಕ್ಯೂ ನಿಂತೆ. ಕಾಫಿ ರೆಡಿ ಆದಮೇಲೆ ಅಂಗಡಿ ಹುಡುಗ ಹೇಳ್ತಾನೆ, ಕ್ಯಾಶ್ ತಗೊಳಲ್ಲ ಕಾಕ್, ಕ್ಯೂಆರ್ ಮಾತ್ರ. (ಕಾಕ್ ಅಂದ್ರೆ ಅಕ್ಕನೂ ಹೌದು, ಅಣ್ಣನೂ ಹೌದು.) ನನ್ನ ಆ್ಯಪ್ ಅದನ್ನ ಸ್ಕ್ಯಾನೇ ಮಾಡಲಿಲ್ಲ, ಕಾರ್ಡ್ ಮೆಷಿನ್ ಅವರ ಹತ್ರ ಇರಲಿಲ್ಲ. ಹೋಗೋರು ದಯವಿಟ್ಟು ಕ್ಯೂ ಸೇರೋ ಮೊದಲೇ ಕೇಳಿ, ಪರ್ಸ್ ತುಂಬ ದುಡ್ಡಿಟ್ಕೊಂಡು ಒಂದು ಲೋಟ ಕಾಫಿಗೆ ಅಷ್ಟು ಜನರೆದುರು ಕೈಚೆಲ್ಲಿ ನಿಲ್ಲೋದು ಬಹಳ ಸಂಕಟ.

ಹಿಂದೆ ನಿಂತಿದ್ದವಳು ಸುಮ್ನೆ ಫೋನ್ ಚಾಚಿ ಕಟ್ಟಿಬಿಟ್ಟಳು. ನೋಡಿದ್ರೆ ಮೆಟ್ರೋದಲ್ಲಿದ್ದ ಹುಡುಗಿ! ನೋಟು ಕೊಟ್ರೆ ಬೇಡ ಬೇಡ ಅಂತ ಕೊನೆಗೆ ತಗೊಂಡಳು. ಮೂವರ ಜೊತೆ ನಾನೂ ಮೆಟ್ಟಿಲ ಮೇಲೆ ಕೂತೆ. ಕಾಫಿಗೆ ಅಲ್ಲಿನ ತಾಳೆಬೆಲ್ಲ ಹಾಕಿರ್ತಾರೆ, ನಮ್ಮ ಕರಾವಳಿಯ ಓಲೆಬೆಲ್ಲದ ಥರ ಘಮ, ಆದ್ರೆ ನನಗೆ ಸಿಹಿ ಜಾಸ್ತಿ. ಯೋಗ್ಯಕರ್ತದಲ್ಲಿ ಕೆಂಡ ಅದ್ದಿ ಕೊಡೋ ಕಾಫಿನೇ ಮೇಲು.

ಇವತ್ತು ಏನು ಹಬ್ಬ ಅಂತ ಕೇಳಿದೆ. "ಹಬ್ಬ ಯಾಕೆ ಬೇಕು ಕಾಕ್?" ಅಂದಳು. ಅರ್ಧ ಇಂಗ್ಲಿಷು ಅರ್ಧ ಅವರ ಭಾಷೆ ಸೇರಿಸಿ ಮಾತಾಡ್ತಿದ್ದಳು, ಸೌತ್ ಜಕಾರ್ತ ಹುಡುಗರ ಮಾತೇ ಹಾಗಂತೆ. ಬಟ್ಟೆ ಅವಳ ಅಜ್ಜೀದು. ಅಜ್ಜಿ ದಿನಾ ಉಡ್ತಿದ್ರು, ಅಮ್ಮ ಮದುವೆಗೆ ಮಾತ್ರ, ಆಮೇಲೆ ಬೀರು ಸೇರಿತ್ತು. ಕೋವಿಡ್ ಟೈಮಲ್ಲಿ ವಿಡಿಯೋ ನೋಡಿ ಉಡೋದು ಕಲಿತಳಂತೆ. ಈಗ ಕಾಲೇಜಿಗೂ ಉಟ್ಕೊಂಡೇ ಹೋಗ್ತಾಳೆ. ಹೀಗೆ ಬಟ್ಟೆ ಸುತ್ಕೊಂಡು ಓಡಾಡೋದಕ್ಕೆ ಬೆರ್‌ಕಾಯಿನ್ ಅಂತ ಹೆಸರು, ಬಟ್ಟೆಗೆ ಅವಳು ಬಳಸಿದ ಪದ ವಾಸ್ತ್ರಾ. ವಸ್ತ್ರ! ನನಗೆ ಮೈ ಜುಂ ಅಂತು.

ಅಂಚು ಮಗುಚಿ ತೋರಿಸಿದಳು, ಎರಡೂ ಕಡೆ ಒಂದೇ ಬಣ್ಣ. ಮೇಣದಲ್ಲಿ ಕೈಯಿಂದ ಬರೆದದ್ದು. ಮೇಣ ಬಿರುಕು ಬಿಟ್ಟಲ್ಲೆಲ್ಲ ಬಣ್ಣ ಇಳಿದು ಕೂದಲೆಳೆಯಷ್ಟು ಸಣ್ಣ ಕಂದು ಗೆರೆ. ಓರೆ ಓರೆಯಾಗಿ ಇಳಿಯೋ ಆ ಪಾರಾಂಗ್ ಡಿಸೈನು ಒಂದು ಕಾಲಕ್ಕೆ ಯೋಗ್ಯಕರ್ತದಲ್ಲಿ ಅರಮನೆಯೋರಿಗೆ ಮಾತ್ರ ಮೀಸಲಿತ್ತು.

ಸ್ಕರ್ಟ್ ಹೊಲಿಸಿದ್ರೆ ಸುಲಭ ಅಲ್ವಾ ಅಂದೆ. "ಕತ್ತರಿಸಿದ್ರೆ ನನ್ನ ಸೈಜಿಗೆ ನಿಂತುಬಿಡುತ್ತೆ. ಆಮೇಲೆ ತಂಗಿ ಏನು ಉಡ್ತಾಳೆ?"

ಅಮ್ಮನ ಎರಡು ಇಳಕಲ್ ಸೀರೆ ನಾನೇ ಟೈಲರ್‌ಗೆ ಕೊಟ್ಟು ಕುರ್ತಾ ಮಾಡಿಸಿದ್ದೆ. ಗಂಟಲು ಕಟ್ಟಿತು. ಅವಳ ಗೆಳತಿ ಬ್ಯಾಗಿಂದ ಇನ್ನೊಂದು ಬಟ್ಟೆ ತೆಗೆದು ನನ್ನ ಜೀನ್ಸ್ ಮೇಲೇ ಸುತ್ತಿ, ಮುಂದೆ ನೆರಿಗೆ ಹಿಡಿದು ಬೆಲ್ಟ್ ಬಿಗಿದಳು. ಹೊಲಿಗೆ ಇಲ್ಲ, ಪಿನ್ ಇಲ್ಲ. ಆ ಕೈ ನೆರಿಗೆ ಹಿಡಿಯೋ ರೀತಿ ಥೇಟ್ ಅಮ್ಮಂದೇ.

ರಾತ್ರಿ ರೂಮಿಂದ ಫೋನ್ ಮಾಡಿದೆ. ಆ ಗೋಮಿ ದಡಿ ಇಳಕಲ್ ಸೀರೆ ಯಾರಿಗೂ ಕೊಡಬೇಡಮ್ಮ, ಬಂದು ನಾನು ಉಡ್ತೀನಿ ಅಂದೆ.

"ಯಾರ ಮದುವೆ ಇದೆಯೇ?" ಅಂದ್ರು ಅಮ್ಮ.